ಅಜ್ಜಿಯನ್ನು ಬಳಸಿ ಹೋಗುವ ಗೆರೆ

ಇಳಿತ ಶುರುವಾಗಿದೆ. ಹುವಾಂಗ್‌ಪು ನದಿ ರಾತ್ರಿಯಿಡೀ ಒತ್ತೆ ಇಟ್ಟುಕೊಂಡಿದ್ದ ದಡವನ್ನು ಕೆಸರಿನ ಸಮೇತ ವಾಪಸು ಕೊಟ್ಟಿದೆ. ವುಸೊಂಗ್ ಕೋಟೆಯ ಎದುರು ದಡದಲ್ಲಿ, ಇನ್ನೂ ಸರಿಯಾಗಿ ಬೆಳಕು ಹರಿಯದ ಹೊತ್ತಿನಲ್ಲಿ, ಪಾನ್ ಷುಯಿಗೆನ್ ತೊಡೆಯವರೆಗೆ ಕೆಸರಲ್ಲಿ ಹೂತು ನಿಂತಿದ್ದಾರೆ. ಇಲ್ಲಿನ ಗಂಡಸರೆಲ್ಲ ಬಿಡುವಂಥ ಉದ್ದ ಜಡೆಯನ್ನು ತಲೆಗೆ ಸುತ್ತಿಕೊಂಡಿದ್ದಾರೆ. ಹೆಗಲ ಮೇಲೆ ಬಿದಿರು ಗಳಗಳ ಕಟ್ಟು, ಪ್ರತಿ ಗಳದ ತುದಿಗೂ ಒಂದು ಕೆಂಪು ಬಟ್ಟೆ ಚೂರು. ಭರತದ ನೀರಿಗೆ ವಾಲಿಕೊಂಡಿದ್ದ ಗಳವೊಂದನ್ನು ಕಿತ್ತು ಬಿಸಾಡಿ, ಹೊಸದನ್ನು ಎರಡೂ ಕೈಯಲ್ಲಿ ಹಿಡಿದು, ಬೀಸುವ ಕಲ್ಲಿನ ಗೂಟ ತಿರುಗಿಸಿದ ಹಾಗೆ ತಿರುಗಿಸಿ ತಿರುಗಿಸಿ ಕೆಸರಿಗೆ ಇಳಿಸುತ್ತಾರೆ.

ಪಕ್ಕದಲ್ಲೇ, ಜೊಂಡಿನ ನಡುವೆ, ಹುಲ್ಲು ಬೆಳೆದ ಒಂದು ಮಣ್ಣಿನ ದಿಬ್ಬ. ಕೆಲಸ ಮುಗಿದ ಮೇಲೆ ಅವರು ಅದರ ಕಡೆ ತಿರುಗುತ್ತಾರೆ.

"ನಿದ್ದೆ ಕೆಡಿಸ್ದೆ ಅಂತ ಬೈಬೇಡ ಅಜ್ಜಿ. ಆಯ್ತು, ಹೊರಟೆ."

ದಿಬ್ಬ ಏನೂ ಅನ್ನುವುದಿಲ್ಲ.

"ಬದುಕಿದ್ದಾಗ ಇಷ್ಟು ಸುಮ್ನೆ ಕೂತೋಳಲ್ಲ," ಎಂದು ಷುಯಿಗೆನ್ ಮುಂದಿನ ಗಳಕ್ಕೆ ನಡೆಯುತ್ತಾರೆ.

ಇವರ ಕೆಲಸ ಏನೆಂದು ಕೇಳಿದರೆ ಹೇಳುವುದು ಸುಲಭ: ಗಳ ನೆಡುವುದು. ಯಾರ ಕೆಲಸ ಎಂದು ಕೇಳಿದರೆ ಅಲ್ಲಿಂದ ತೊಡಕು. ನದೀಮುಖದಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಶಾಂಘೈ ಮುಟ್ಟಲಾಗದೆ ಹೊರಗೇ ನಿಂತು ಕೂಗುತ್ತವೆ. ಕೆಲವು ವರ್ಷದ ಹಿಂದೆ ರಾಜಧಾನಿಯಲ್ಲಿ ಪರದೇಶದವರ ವಿರುದ್ಧ ಗಲಾಟೆ ನಡೆದು, ಅವರ ಸೈನ್ಯಗಳು ಬಂದು, ಕೊನೆಗೆ ಒಪ್ಪಂದವಾದಾಗ, ಅದರ ತುದಿಯಲ್ಲೆಲ್ಲೋ ಈ ನದಿಯನ್ನು ತೋಡಿ ತಿದ್ದಬೇಕೆಂಬ ಮಾತೂ ಸೇರಿಕೊಂಡಿತು. ಅದಕ್ಕೊಂದು ಕಮಿಷನ್ ಆಯಿತು. ಇಂಗ್ಲಿಷರು, ಜರ್ಮನರು, ಫ್ರೆಂಚರು, ಜಪಾನಿನವರು, ಇನ್ನೂ ಯಾರ್ಯಾರೋ ಅದರಲ್ಲಿ ಕೂತರು. ಒಬ್ಬರನ್ನು ಇನ್ನೊಬ್ಬರು ನಂಬದ ಕಾರಣ, ಯಾರ ಪಕ್ಷವೂ ಅಲ್ಲದ ಇಂಜಿನಿಯರ್ ಬೇಕೆಂದು ಡೆನ್ಮಾರ್ಕಿನಿಂದ ಹೋಲ್ಮ್ ಸಾಹೇಬರನ್ನು ಕರೆಸಿದರು. ಈಗ ಎಲ್ಲರೂ ಅವರನ್ನು ಬೇರೆಯವರ ಪಕ್ಷ ಎನ್ನುತ್ತಾರೆ.

"ಮೊದಮೊದಲು ಯಾರು ಕೂಗಿದ್ರೂ ಓಡ್ತಿದ್ದೆ," ಎನ್ನುತ್ತಾರೆ ಷುಯಿಗೆನ್. "ಒಬ್ರು ಬಾ ಅಂತಾರೆ, ಒಬ್ರು ನಿಲ್ಲು ಅಂತಾರೆ, ಇನ್ನೊಬ್ರು ಕೊಡೆ ಆಡಿಸ್ತಾರೆ, ಅದು ಏನು ಅಂತ್ಲೇ ಗೊತ್ತಾಗಲ್ಲ. ಈಗ ಎಲ್ಲಾರಿಗೂ ಒಂದು ನಮಸ್ಕಾರ ಹೊಡ್ದು ಕೆಸರಿಗೆ ಇಳ್ದುಬಿಡ್ತೀನಿ. ಕೆಸರಿಗೆ ಯಾವ ಸಾಹೇಬ್ರೂ ಬರಲ್ಲ."

ಹುಟ್ಟಿದ್ದು ಇದೇ ದಡದ ಪಾನ್‌ಝಾಯ್ ಹಳ್ಳಿಯಲ್ಲಿ. ಅಪ್ಪ ಅಮ್ಮನನ್ನು ಒಂದು ಬಿರುಗಾಳಿಯ ದಿನ ನೀರು ಎಳೆದುಕೊಂಡಿತು, ಬೆಳೆಸಿದ್ದು ಅಜ್ಜಿ. ನದಿ ಆಕೆಯ ಮನೆಯನ್ನು ಮೂರು ಸಲ ತಿಂದಿತ್ತು. ಮೂರು ಸಲವೂ ಆಕೆ ಒಲೆಯ ಕಲ್ಲುಗಳನ್ನು ತಲೆಯ ಮೇಲೆ ಹೊತ್ತು, ನದಿಯನ್ನು ಅದರ ಏಳು ತಲೆಮಾರು ಸೇರಿಸಿ ಬಯ್ಯುತ್ತಾ, ಹಿಂದಕ್ಕೆ ಸರಿದು ಹೊಸ ಗುಡಿಸಲು ಹಾಕಿದ್ದಳು. ಆ ಬೈಗುಳಕ್ಕೆ ನದಿ ಒಂದು ವಾರ ಬಣ್ಣ ಬದಲಿಸಿತ್ತೆಂದು ಹಳ್ಳಿಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ಸಾಯುವಾಗ ಮೊಮ್ಮಗನಿಗೆ ಹೇಳಿದ್ದು ಒಂದೇ ಮಾತು: "ಹಡಗು ಕಾಣೋ ಕಡೆ ಮಲಗ್ಸು. ಆಮೇಲೆ ಎತ್ತಿ ಓಡಾಡಿಸ್ಬೇಡ. ನಾಲ್ಕನೇ ಸಲ ನಾನು ಮನೆ ಬದಲಾಯಿಸಲ್ಲ."

ಮೊದಲು ಷುಯಿಗೆನ್ ಮೀನು ಹಿಡಿಯುತ್ತಿದ್ದರು. ಹಡಗುಗಳ ಅಲೆಗೆ ಬಲೆಗೂಟಗಳು ನಿಲ್ಲದಾದಾಗ ಈ ಕೆಲಸ ಹಿಡಿದರು. ಕೆಸರಿನಲ್ಲಿರುವ ಚಿಪ್ಪುಗಳು ಅಂಗಾಲು ಸೀಳುತ್ತವೆ, ಚಳಿಗಾಲದಲ್ಲಿ ಮೊಣಕಾಲು ಹಿಡಿದುಕೊಂಡರೆ ಬಿಡುವುದಿಲ್ಲ. ಮನೆಗೆ ಬಂದ ಮೇಲೆ ಹೆಂಡತಿ ಜಿನ್‌ಮೇ ಎಳ್ಳೆಣ್ಣೆ ಸವರಿ, ಗಂಜಿಗೆ ಉಪ್ಪಿನ ಸಾಸಿವೆಸೊಪ್ಪು ಹಾಕಿ ಕೊಡುತ್ತಾರೆ.

"ಅರ್ಧ ನದಿ ಇವರ ಉಗುರಲ್ಲೇ ಮನೆಗೆ ಬರುತ್ತೆ," ಎನ್ನುತ್ತಾರೆ ಜಿನ್‌ಮೇ. "ಇಷ್ಟೊಂದು ಯಂತ್ರ ಯಾಕೆ ತರಿಸ್ತಾರೋ. ಇವರನ್ನೇ ನಾಲ್ಕು ಸಲ ಓಡಾಡಿಸಿದ್ರೆ ಹೂಳು ಖಾಲಿ."

ನದಿಯನ್ನು ಅಂಕೆಯಲ್ಲಿಡಲು ದಡದುದ್ದಕ್ಕೂ ಗೋಡೆ ಬರಬೇಕು. ಜೊಂಡು, ಕೊಂಬೆಗಳನ್ನು ಹೆಣೆದ ದೊಡ್ಡ ಚಾಪೆಗಳನ್ನು ನೀರಿಗೆ ಇಳಿಸಿ ಮೇಲೆ ಕಲ್ಲು ಹೇರಿದರೆ ಅದೇ ಗೋಡೆ. ಚಾಪೆ ಹೆಣೆಯುವುದು ಜಿನ್‌ಮೇಯಂಥ ಹೆಂಗಸರು. ಗೋಡೆ ಎಲ್ಲಿ ಹೋಗಬೇಕೆಂದು ತೋರಿಸುವುದು ಷುಯಿಗೆನ್ ನೆಟ್ಟ ಗಳಗಳು. ಹೋಲ್ಮ್ ಸಾಹೇಬರು ದೂರದ ಲಾಂಚಿನಲ್ಲಿ ದುರ್ಬೀನು ಹಿಡಿದು ಕೈ ಬೀಸುತ್ತಾರೆ: ಎಡಕ್ಕೆ, ಇನ್ನೂ ಎಡಕ್ಕೆ, ಸಾಕು. ಷುಯಿಗೆನ್ ಅಲ್ಲಿ ನೆಡುತ್ತಾರೆ.

ಸಾಹೇಬರ ಗೆರೆ ಒಂದು ಕಡೆ ನೇರವಾಗಿ ಅಜ್ಜಿಯ ದಿಬ್ಬದ ನಡುಮಧ್ಯ ಹೊಕ್ಕಿತು.

ಈ ಸೀಮೆಯಲ್ಲಿ ಗೋರಿಯ ಮೇಲೆ ಯಾರೂ ಕೋಲು ಊರುವುದಿಲ್ಲ. ನೇಗಿಲು ಬಳಸಿ ಹೋಗುತ್ತದೆ, ಕಾಲುದಾರಿ ಬಳಸಿ ಹೋಗುತ್ತದೆ, ಕುಡಿದು ತೂರಾಡುವವನೂ ಅಲ್ಲಿ ಮಾತ್ರ ನೆಟ್ಟಗಾಗಿ ಬಳಸಿ ಹೋಗುತ್ತಾನೆ. ಇದನ್ನು ಪರದೇಶದವರಿಗೆ ಹೇಳಬೇಕೆಂದು ಯಾರಿಗೂ ಹೊಳೆದಿಲ್ಲ. ಉಸಿರು ಒಳಗೆ ಎಳೆದುಕೊಂಡ ಮೇಲೆ ಹೊರಗೆ ಬಿಡಿ ಎಂದು ಅತಿಥಿಗೆ ಯಾರು ಹೇಳುತ್ತಾರೆ?

"ಸಾಹೇಬ್ರು ಅಷ್ಟು ದೂರದಿಂದ ನೋಡ್ತಾರೆ, ದಿಬ್ಬ ಕಾಣಿಸಿಲ್ಲ ಪಾಪ," ಎನ್ನುತ್ತಾರೆ ಷುಯಿಗೆನ್. "ಅವರು ಹೋದ್ಮೇಲೆ ನಾನೇ ಸರಿ ಮಾಡ್ದೆ. ದೊಡ್ಡೋರ ತಪ್ಪು ಬಾಯಿಬಿಟ್ಟು ಹೇಳೋಕಾಗುತ್ತಾ?"

ಹೀಗೆ ಗೆರೆ ಅಜ್ಜಿಯ ಮುಂದೆ ಬಂದು, ನದಿಯ ಕಡೆಗೆ ಬಾಗಿ, ಆಕೆಯನ್ನು ದಾಟಿ ಮತ್ತೆ ನೆಟ್ಟಗಾಯಿತು. ಕೆಲವು ದಿನದ ಮೇಲೆ ದೊಡ್ಡ ಇಳಿತದಲ್ಲಿ ಕಮಿಷನ್ನಿನವರು ಲಾಂಚಿನಲ್ಲಿ ಬಂದಾಗ ಕೆಂಪು ಬಟ್ಟೆಗಳ ಸಾಲಿಗೆ ಹೊಟ್ಟೆ ಬಂದಿರುವುದು ಎಲ್ಲರಿಗೂ ಒಟ್ಟಿಗೇ ಕಾಣಿಸಿತು. ಹೊಟ್ಟೆ ಇದ್ದರೆ ಪ್ರವಾಹ ತಿರುಗುತ್ತದೆ. ತಿರುಗಿದರೆ ಯಾರದೋ ಹಡಗುಕಟ್ಟೆಯ ಮುಂದೆ ಆಳವಾಗುತ್ತದೆ. ಯಾರದು? ಜರ್ಮನರದು ಎಂದರು ಇಂಗ್ಲಿಷರು. ಇಂಗ್ಲಿಷರದು ಎಂದರು ಜರ್ಮನರು. ಫ್ರೆಂಚರು ಇಬ್ಬರ ಮಾತನ್ನೂ ಒಪ್ಪಿದರು. ಜಪಾನಿನವರು ಏನೂ ಹೇಳಲಿಲ್ಲವಾದ್ದರಿಂದ ಎಲ್ಲರೂ ಅವರ ಕಡೆ ನೋಡಿದರು.

ಗೆರೆ ನೇರವಾಗಬೇಕೆಂಬ ಸುದ್ದಿ ಹಳ್ಳಿಗೆ ಬಂದ ದಿನ ಷುಯಿಗೆನ್‌ಗೆ ಅನ್ನ ಸೇರಲಿಲ್ಲ. ಅಜ್ಜಿಯ ಮೇಲೆ ಕಲ್ಲು ಹೇರಬೇಕು, ಇಲ್ಲವೇ ಅಜ್ಜಿಯನ್ನು ಎತ್ತಬೇಕು. ಯಾರನ್ನು ಕೇಳಿಕೊಳ್ಳುವುದು? ಇಂಗ್ಲಿಷರ ಕಚೇರಿ ಬಾಗಿಲಿಗೆ ಹೋದರೆ ಜರ್ಮನರ ಕಡೆ ಕೈ ತೋರಿಸಿದರು, ಜರ್ಮನರ ಬಾಗಿಲಲ್ಲಿ ಇಂಜಿನಿಯರನ್ನು ಕೇಳು ಎಂದರು, ಇಂಜಿನಿಯರು ಕಮಿಷನ್ನನ್ನು ಕೇಳು ಎಂದರು. ಕೊನೆಗೆ ನಮ್ಮವರೇ ಆದ, ಸಾಮ್ರಾಜ್ಯದ ಸರ್ಕಾರಿ ಗುಮಾಸ್ತರ ಮುಂದೆ ಮಂಡಿಯೂರಿದರು. ಗುಮಾಸ್ತರು ಬಿಸಿ ಚಹಾ ಊದಿಕೊಂಡು ವಿವರಿಸಿದರು: "ನೋಡಪ್ಪಾ, ನೀರು ಅವರ ಕೈಲಿದೆ. ದಡ ನಮ್ಮದು. ಕೆಸರಿನ ಬಗ್ಗೆ ಪತ್ರ ಹೋಗಿದೆ."

ಭರತದ ನೀರು ದಿಬ್ಬದ ಬುಡಕ್ಕೆ ತಾಕುತ್ತದೆ. ಅಂದರೆ ಅಜ್ಜಿಯ ಕಾಲು ಕಮಿಷನ್ನಿಗೆ ಸೇರಿದ್ದು, ತಲೆ ಸಾಮ್ರಾಜ್ಯಕ್ಕೆ, ಸೊಂಟದ ಬಗ್ಗೆ ಪತ್ರ ಹೋಗಿದೆ. ಮನೆಗೆ ಬಂದು ಹೆಂಡತಿಗೆ ಇದನ್ನು ವಿವರಿಸಲು ಹೋಗಿ ಷುಯಿಗೆನ್ ಮಧ್ಯದಲ್ಲೇ ಕೈಬಿಟ್ಟರು. ಜಿನ್‌ಮೇ ಹೇಳಿದ್ದು ಇಷ್ಟೇ: "ಪೂರ್ತಿ ಅಜ್ಜಿನ ನೀನೊಬ್ಬನೇ ಕೇಳ್ತಿರೋದು. ನೀನೇ ನೋಡ್ಕೋ."

ಮುಂದಿನ ದೊಡ್ಡ ಇಳಿತದಲ್ಲಿ ಲಾಂಚು ಮತ್ತೆ ಬಂತು. ಸಾಹೇಬರುಗಳು ಈ ಸಲ ಕೆಸರಿನ ಮೇಲೆ ಹಲಗೆ ಹಾಸಿ, ಮಡಚುವ ಕುರ್ಚಿಗಳನ್ನು ಇಟ್ಟು, ದಿಬ್ಬದ ಎದುರಿಗೇ ಕೂತರು. ಮಧ್ಯೆ ದುಬಾಷಿ ಟಾಂಗ್, ಬೆವರು ಒರೆಸಿಕೊಳ್ಳುತ್ತಾ.

"ಗಳ ಇಲ್ಲಿಗೆ ಸರಿಸು ಅಂತ ನಿಂಗೆ ಯಾರು ಹೇಳಿದ್ದು? ನಿಜ ಹೇಳಪ್ಪಾ, ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ," ಎಂದರು ಟಾಂಗ್.

"ಯಾರೂ ಹೇಳಿಲ್ಲ ಅಣ್ಣಾ. ಇಲ್ಲಿ ನಮ್ಮಜ್ಜಿ ಮಲಗಿದಾಳೆ. ಅಜ್ಜಿ ಮೇಲೆ ಗಳ ಹೊಡಿಯೋಕಾಗುತ್ತಾ?"

ಟಾಂಗ್ ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಹೇಳಿದರು. ಜರ್ಮನ್ ದೊರೆ ನಕ್ಕರು. ಇಷ್ಟು ಸಾದಾ ನೆಪವನ್ನು ಕಟ್ಟುವ ಬುದ್ಧಿವಂತಿಕೆ ಇಂಗ್ಲಿಷರಿಗೆ ಮಾತ್ರ ಇರುವುದು ಎಂದರು. ಇಂಗ್ಲಿಷ್ ದೊರೆ, ಅಜ್ಜಿಯ ಉಪಾಯ ತಮಗೆ ಮೊದಲೇ ಹೊಳೆಯಲಿಲ್ಲವಲ್ಲ ಎಂದು ಬೇಜಾರಿನಿಂದಲೇ ಅಲ್ಲಗಳೆದರು. ಟಾಂಗ್ ಎರಡೂ ಕಡೆ ತಿರುಗಿ ತಿರುಗಿ ಕೊನೆಗೆ ತಾವು ಯಾವ ಭಾಷೆಯಲ್ಲಿದ್ದೇವೆಂದು ಮರೆತು, ಷುಯಿಗೆನ್‌ಗೆ ಫ್ರೆಂಚಿನಲ್ಲಿ ಏನೋ ಹೇಳಿದರು.

ಹೋಲ್ಮ್ ಎದ್ದು, ದಿಬ್ಬದ ನೆತ್ತಿಯನ್ನು ಬೆತ್ತದಿಂದ ತೋರಿಸಿ, "ಇಲ್ಲಿ ನೆಡು," ಎಂದರು. ಅದಕ್ಕೆ ದುಬಾಷಿ ಬೇಕಾಗಲಿಲ್ಲ.

ಷುಯಿಗೆನ್ ಗಳ ಹಿಡಿದು ನಿಂತರು. ನೆಡದಿದ್ದರೆ ಕೆಲಸ ಹೋಗುತ್ತದೆ. ನೆಟ್ಟರೆ ಹಳ್ಳಿಯಲ್ಲಿ ಮುಖ ಎತ್ತುವಂತಿಲ್ಲ, ಆ ಕಡೆ ಹೋದ ಮೇಲೆ ಅಜ್ಜಿಗೆ ಉತ್ತರ ಕೊಡುವಂತೆಯೂ ಇಲ್ಲ. ಅವರು ಎರಡೂ ಕೈಯಲ್ಲಿ ಗಳವನ್ನು ಮುಂದೆ ಚಾಚಿದರು.

"ನನ್ನ ಕೈಲಾಗಲ್ಲ ಸಾಹೇಬ್ರೇ. ನೀವೇ ನೆಟ್ಬಿಡಿ."

ಹೋಲ್ಮ್ ಗಳ ತೆಗೆದುಕೊಂಡರು. ಆಗ ಕುರ್ಚಿಗಳೆಲ್ಲ ಒಮ್ಮೆಗೇ ಕಿರ್ರೆಂದವು. ಯಾರ ಕೈ ಗಳವನ್ನು ನೆಡುತ್ತದೋ ಆ ಗೆರೆ ಅವರದು. ನಾಳೆ ಎಲ್ಲ ರಾಜಧಾನಿಗಳಿಂದ ತಂತಿ ಬಂದರೆ ಉತ್ತರ ಕೊಡಬೇಕಾದವರೂ ಅವರೇ. ಹೋಲ್ಮ್ ಗಳವನ್ನು ವಿನಯದಿಂದ ಇಂಗ್ಲಿಷ್ ದೊರೆಗೆ ಕೊಟ್ಟರು. ಇಂಗ್ಲಿಷ್ ದೊರೆ ಅದರ ನೇರವನ್ನು ಮೆಚ್ಚಿ ಜರ್ಮನ್ ದೊರೆಗೆ ದಾಟಿಸಿದರು. ಜರ್ಮನ್ ದೊರೆ ಕೈಗೆ ಕೆಸರಾಯಿತೆಂದು ಫ್ರೆಂಚ್ ದೊರೆಗೆ. ಅಲ್ಲಿಂದ ಜಪಾನಿನವರಿಗೆ, ಅವರು ಅದಕ್ಕೆ ಬಾಗಿ ನಮಸ್ಕರಿಸಿ ಪಕ್ಕದವರಿಗೆ. ಹೀಗೆ ಲೋಕವನ್ನೆಲ್ಲ ಸುತ್ತಿ, ಕೆಂಪು ಬಟ್ಟೆ ಆಡಿಸುತ್ತಾ, ಗಳ ಕೊನೆಯ ಕುರ್ಚಿ ತಲುಪಿತು. ಕೊನೆಯ ಕುರ್ಚಿಯ ಪಕ್ಕದಲ್ಲಿ ನಿಂತಿದ್ದವರು ಷುಯಿಗೆನ್.

ಅಷ್ಟರಲ್ಲಿ ಭರತ ತಿರುಗಿತು. ನೀರು ಹಲಗೆಯ ಕೆಳಗೆ ಗುಳುಗುಳು ಎಂದಿತು. ಷುಯಿಗೆನ್ ಗಳವನ್ನು ಮೊದಲಿದ್ದ ಜಾಗದಲ್ಲೇ, ಅಜ್ಜಿಯ ಮುಂದೆ, ತಿರುಗಿಸಿ ಇಳಿಸಿದರು. ಯಾರೂ ಬೇಡ ಎನ್ನಲಿಲ್ಲ. ಬೇಡ ಎಂದರೂ ಅದು ಒಂದು ದೇಶದ ಅಭಿಪ್ರಾಯವಾಗುತ್ತಿತ್ತು.

"ಅವತ್ತು ನಂಗೆ ಏನೂ ಅರ್ಥ ಆಗ್ಲಿಲ್ಲ," ಎನ್ನುತ್ತಾರೆ ಷುಯಿಗೆನ್. "ಇವತ್ತಿಗೂ ಆಗಿಲ್ಲ. ಟಾಂಗಣ್ಣನ್ನ ಕೇಳ್ದೆ. 'ನಂಗೂ ಆಗಿಲ್ಲ, ಆದ್ರೆ ನಂಗೆ ಅದಕ್ಕೇ ಸಂಬಳ,' ಅಂದ."

ಕಳೆದ ವಾರ ತೀರ್ಮಾನ ಬಂದಿದೆ. ನೇರ ಮಾಡುವ ಪ್ರತಿಯೊಂದು ಸಲಹೆಯ ಹಿಂದೆಯೂ ಯಾವುದಾದರೊಂದು ದೇಶ ಇರುವುದರಿಂದ, ಮತ್ತು ಈ ಹೊಟ್ಟೆಯ ಹಿಂದೆ ಯಾವ ದೇಶ ಇದೆಯೆಂದು ಪತ್ತೆಯಾಗದಿರುವುದರಿಂದ, ಗಳಗಳು ಇದ್ದಲ್ಲೇ ಗೋಡೆ ಏಳತಕ್ಕದ್ದು. ಅಮಾವಾಸ್ಯೆಯ ಇಳಿತಕ್ಕೆ ಚಾಪೆ ಇಳಿಯುತ್ತದೆ, ಕಲ್ಲು ಬೀಳುತ್ತದೆ. ಆ ತುಂಡಿನ ಚಾಪೆಯನ್ನು ಜಿನ್‌ಮೇ ತಾವೇ ಹೆಣೆದಿದ್ದಾರೆ. "ಸಡಿಲ ಇದ್ರೆ ಆ ಮುದುಕಿ ನನ್ನ ಸುಮ್ನೆ ಬಿಡ್ತಾಳಾ?" ಎನ್ನುತ್ತಾರೆ.

ಅಲ್ಲಿಯವರೆಗೆ ವಾಲಿದ ಗಳಗಳನ್ನು ಪ್ರತಿ ಬೆಳಿಗ್ಗೆ ಮತ್ತೆ ನೆಡುವುದು ಷುಯಿಗೆನ್ ಕೆಲಸ. ಇವತ್ತು ಹೊಸ ಗಳ ಇಳಿದ ಜಾಗಕ್ಕೂ, ಹಳೆಯದು ಬಿಟ್ಟುಹೋದ ಗುಳಿಗೂ ನಡುವೆ ಒಂದು ಬೆರಳಿನಷ್ಟು ಅಂತರವಿದೆ. ನದಿಯ ಕಡೆಗೆ. ಅದನ್ನು ತೋರಿಸಿದರೆ ಅವರು ಮುಖ ತೊಳೆಯಲು ಬಗ್ಗುತ್ತಾರೆ. ತೊಳೆಯುವುದು ಬಹಳ ಹೊತ್ತು ನಡೆಯುತ್ತದೆ.

"ಚಿಂಗ್‌ಮಿಂಗ್ ದಿನ ಹಿರಿಯರಿಗೆ ಎಡೆ ಇಡ್ತೀವಲ್ಲ," ಎನ್ನುತ್ತಾರೆ ಕೊನೆಗೆ. "ಇಷ್ಟು ವರ್ಷ ನೀರಲ್ಲಿ ನಿಂತ್ಕೊಂಡೇ ಇಟ್ಟಿದೀವಿ. ಒಂದ್ಸಲ ಅನ್ನದ ಬಟ್ಟಲು ತೇಲಿಕೊಂಡು ವುಸೊಂಗ್‌ಗೇ ಹೋಗ್ಬಿಡ್ತು. ದಿನಾ ಒಂದೊಂದು ಬೆರಳು ಸರಿದು, ಕೂತು ಎಡೆ ಇಡೋ ಅಷ್ಟು ಅಂಗಳ ಸಿಕ್ರೆ ಸಾಕು, ಹೆಚ್ಚೇನು ಬೇಡ. ಮೂರು ಮನೆ ಕಳ್ಕೊಂಡೋಳು. ಅಷ್ಟು ಜನ ದೊರೆಗಳು ಸೇರಿ ಕಟ್ಟಿಕೊಡ್ತಿರೋ ಮನೆಗೆ ಒಂದು ಅಂಗಳ ಬೇಡ್ವಾ?"

ಇದು ನಮ್ಮ ಪತ್ರಿಕೆಯಲ್ಲಿ ಬಂದರೆ ನಿಮಗೆ ತೊಂದರೆಯಾಗುವುದಿಲ್ಲವೇ?

ಷುಯಿಗೆನ್ ಗಳದ ಕಟ್ಟನ್ನು ಹೆಗಲಿಗೆ ಏರಿಸುತ್ತಾರೆ. "ಬರೀರಿ, ಬರೀರಿ. ನಿಜಾನ ಒಂದ್ಸಲ ಎಲ್ಲರ ಮುಂದೆ ಹೇಳಿ ನೋಡಿದೀನಿ. ಏನೂ ಆಗಲ್ಲ."