ನೀರಿಳಿಯುವ ತುದಿಯ ಸುಂಕಮ್ಮ

ಕರೂರಿನ ಕಾಲುವೆ ಬದಿಯ ಗದ್ದೆಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಮೊಣಕಾಲಿನವರೆಗೆ ಸೀರೆ ಎತ್ತಿ ಕಟ್ಟಿದ ಹನ್ನೆರಡು ಹೆಂಗಸರು ಆಗಲೇ ಕೆಸರಿಗೆ ಇಳಿದಿದ್ದಾರೆ. ಎಡಗೈಯಲ್ಲಿ ಭತ್ತದ ಸಸಿಯ ಕಟ್ಟು. ಬಲಗೈಯ ಬೆರಳು ಕೆಸರಿಗೆ ಹೋಗಿ ಬರುವುದು ಕಣ್ಣಿಗೆ ಹತ್ತದಷ್ಟು ಚುರುಕು. ಒಬ್ಬೊಬ್ಬರಿಗೆ ಒಂದೊಂದು ಪಾಲು. ಕಾಲುವೆ ನೀರು ಗದ್ದೆಯೊಳಗೆ ಬರುವ ಕಡೆಯದು ಮೇಲಿನ ಪಾಲು. ಅಲ್ಲಿ ನೀರು ತಿಳಿ, ಕೆಸರು ಹದ, ಆದ್ದರಿಂದ ಅದು ಗುಂಪಿನ ಯಜಮಾನಿಯ ಜಾಗ. ನೀರು ಹೊರಗೆ ಬೀಳುವ ಕಡೆಯದು ಕೊನೆಯ ಪಾಲು. ಎಲ್ಲರ ಕಾಲು ತೊಳೆದ ರಾಡಿ ಅಲ್ಲಿಗೇ ಬಂದು ಸೇರುತ್ತದೆ. ಹೊಸದಾಗಿ ಗುಂಪು ಸೇರಿದವರು ಒಂದೆರಡು ವರ್ಷ ಅಲ್ಲಿ ನಿಂತು ಬೆನ್ನು ಗಟ್ಟಿ ಮಾಡಿಕೊಳ್ಳಬೇಕು.

ಇವತ್ತು ಆ ಕೊನೆಯ ಪಾಲಿನಲ್ಲಿ ಬಗ್ಗಿ ನಿಂತಿರುವವರು ಯಜಮಾನಿ ಸುಂಕಮ್ಮನವರೇ. ಮೇಲಿನ ಪಾಲು ಖಾಲಿ ಇದೆ. ಅಷ್ಟು ಒಳ್ಳೆಯ ಜಾಗಕ್ಕೆ ಯಾರೂ ಕಾಲಿಡುತ್ತಿಲ್ಲ.

ಇವತ್ತು ಗುರುವಾರ. ಗುಂಪಿನಲ್ಲಿ ಇರುವುದು ಹದಿನಾಲ್ಕು ಮಂದಿ. ಸೋಮವಾರ ಮತ್ತು ಗುರುವಾರ ಇಬ್ಬರು ಮೊದಲ ಬಸ್ಸಿಗೆ ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಕುರುಗೋಡಿಗೆ ಹೋಗುತ್ತಾರೆ. ಒಬ್ಬರು ಯಂಕಮ್ಮ, ಅವರಿಗೆ ಸೂಜಿ ಹಾಕಿಸಬೇಕು. ಇನ್ನೊಬ್ಬರು ಜೊತೆಗೆ ಹೋಗುವವರು, ಸರದಿಯ ಪ್ರಕಾರ. ಇವತ್ತಿನ ಸರದಿ ಜಡೆಮ್ಮನದು. ಆ ಇಬ್ಬರ ಪಾಲನ್ನು ಉಳಿದ ಹನ್ನೆರಡು ಮಂದಿ ತಮ್ಮ ಪಾಲು ಆದ ಮೇಲೆ ಹಚ್ಚಿ ಮುಗಿಸುತ್ತಾರೆ. ದಿನಕ್ಕೆ ಒಂದೂವರೆ ಎಕರೆ ಅಂದರೆ ಒಂದೂವರೆ ಎಕರೆ. ಆಳು ಕಡಿಮೆ ಎಂದು ಗದ್ದೆಯವರ ಹತ್ತಿರ ಒಂದು ಮಾತೂ ಆಡುವುದಿಲ್ಲ.

ಸುಂಕಮ್ಮನವರ ತವರು ಕುರುಗೋಡು. ಹದಿನೈದಕ್ಕೆ ಕರೂರಿಗೆ ಸೊಸೆಯಾಗಿ ಬಂದರು, ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡರು. ಸ್ವಂತದ್ದು ಅಂಗೈಯಗಲ ನೆಲವಿಲ್ಲ. ಇಪ್ಪತ್ತೆರಡು ವರ್ಷದಿಂದ ಗುಂಪು ಕಟ್ಟಿಕೊಂಡು ಕರೂರು, ಹಚ್ಚೊಳ್ಳಿ ಎಂದು ವರ್ಷಕ್ಕೆ ಎರಡು ಬೆಳೆಗೂ ನಾಟಿ ಮಾಡುತ್ತಿದ್ದಾರೆ. ನಾಟಿ ಮಾಡುವವರು ಹಿಂದಕ್ಕೇ ಹೆಜ್ಜೆ ಇಡುವುದರಿಂದ, ಮುಂದಕ್ಕೆ ನಡೆದದ್ದಕ್ಕಿಂತ ಹಿಂದಕ್ಕೆ ನಡೆದದ್ದೇ ಹೆಚ್ಚು ಎಂದು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ. ಮಾತು ಕಡಿಮೆ, ಆಡಿದರೆ ಅದು ಚುರುಕು.

ಯಂಕಮ್ಮನ ಗಂಡ ಮುಂಬಯಿ ದಾರಿಯಲ್ಲಿ ಲಾರಿ ಓಡಿಸುತ್ತಿದ್ದರು. ಹಂಚಿಕಡ್ಡಿಯಂತೆ ಒಣಗಿ ಎರಡು ವರ್ಷದ ಹಿಂದೆ ತೀರಿಕೊಂಡರು. ಕಳೆದ ಚಳಿಗಾಲದಲ್ಲಿ ಯಂಕಮ್ಮನಿಗೂ ಬಿಡದ ಕೆಮ್ಮು ಹತ್ತಿತು. ಪರೀಕ್ಷೆ ಮಾಡಿದರೆ ಕ್ಷಯ. ಯಾಕೋ ಅನುಮಾನ ಬಂದು ಡಾಕ್ಟರು ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ಎರಡು ತಿಂಗಳಾದ ಮೇಲೆ ಬಂದ ಕಾಗದದಲ್ಲಿ ಏಡ್ಸ್ ರೋಗದ ಹೆಸರಿತ್ತು. ಈ ಸೀಮೆಯಲ್ಲಿ ಆ ಹೆಸರನ್ನು ಪೇಪರಿನಲ್ಲಿ ಓದಿದವರೇ ಬೆರಳೆಣಿಕೆಯಷ್ಟು. ಆದರೆ ಕಾಗದ ಬಂದ ಮರುದಿನವೇ ಸರ್ಕಾರಿ ಆಸ್ಪತ್ರೆಯಲ್ಲಿ ಅವರನ್ನು ಮುಟ್ಟುವುದು ನಿಂತುಹೋಯಿತು. ಕ್ಷಯದ ಗುಳಿಗೆ, ಸೂಜಿಮದ್ದಿನ ಸೀಸೆ ಎರಡನ್ನೂ ಬೆಂಚಿನ ಮೇಲಿಟ್ಟು ತಗೊಂಡು ಹೋಗು ಎನ್ನುತ್ತಿದ್ದರು. ಔಷಧಿ ಸಿಕ್ಕಿತು, ಸೂಜಿ ಹಿಡಿಯುವ ಕೈ ಸಿಗಲಿಲ್ಲ. ಏಡ್ಸಿಗೆ ಮದ್ದಿಲ್ಲ, ಸರಿ. ಮದ್ದಿರುವ ಕ್ಷಯಕ್ಕೂ ಒಬ್ಬ ಹೆಣ್ಣುಮಗಳು ಸಾಯಬೇಕೆ?

ಆಗ ಬೇಸಿಗೆ ಬೆಳೆಯ ನಾಟಿಯ ಹೊತ್ತು. ಸುದ್ದಿ ಗಾಳಿಗಿಂತ ಮೊದಲು ಊರು ಸುತ್ತಿತು. ಗದ್ದೆಯ ಯಜಮಾನ ಉಜ್ಜಿನಪ್ಪ ಬದುವಿನ ಮೇಲೆ ನಿಂತು, ಯಂಕಮ್ಮನನ್ನು ಬಿಟ್ಟು ಉಳಿದವರು ಇಳಿಯಿರಿ ಎಂದರು. ಇಳಿದರೆ ಹದಿನಾಲ್ಕು ಮಂದಿ, ಇಲ್ಲವಾದರೆ ಒಬ್ಬರೂ ಇಲ್ಲ ಎಂದು ಸುಂಕಮ್ಮ ಎಲ್ಲರನ್ನೂ ಕರೆದುಕೊಂಡು ವಾಪಸ್ಸು ಬಂದರು. ನಾಲ್ಕು ದಿನ ಹದಿನಾಲ್ಕು ಮನೆಯವರೂ ಕೆಲಸವಿಲ್ಲದೆ ಕೂತರು. ಅತ್ತ ಉಜ್ಜಿನಪ್ಪನವರ ಸಸಿ ಬಲಿಯುತ್ತಿತ್ತು. ಸಸಿ ಬಲಿತರೆ ತೆನೆ ಕಟ್ಟುವುದಿಲ್ಲ. ಐದನೆಯ ದಿನ ಅವರೇ ಸುಂಕಮ್ಮನ ಮನೆ ಬಾಗಿಲಿಗೆ ಬಂದು, ಹೆಗಲ ಮೇಲಿನ ಟವೆಲನ್ನು ಆಚೆ ಈಚೆ ಮಾಡಿ, ನಾಳೆ ಎಲ್ಲರೂ ಬರ್ರಿ ಎಂದು ಹೇಳಿ ಹೋದರು.

ಇಲ್ಲಿಗೆ ಕಥೆ ಮುಗಿದಿದ್ದರೆ ಸುಂಕಮ್ಮನನ್ನು ಹೊಗಳಿ ಎದ್ದು ಬರಬಹುದಿತ್ತು. ಆದರೆ ಅವರು ಹೊಗಳಿಸಿಕೊಳ್ಳುವ ಪೈಕಿ ಅಲ್ಲ.

“ಸಾವ್ಕಾರ್ರ ಮುಂದ ದೊಡ್ಡ ಮಾತು ಆಡಿದ್ನಿ ಖರೆ. ಒಳಗ ನನಗೂ ಹೆದರಿಕಿ ಇತ್ರಿ,” ಎನ್ನುತ್ತಾರೆ. “ಮರುದಿನ ಗದ್ದಿಗೆ ಇಳಿಯೋ ಮುಂದ ಯಂಕಿನ್ನ ಕೊನಿ ಪಾಲಿಗೆ ನಿಂದ್ರಿಸಿದ್ನಿ. ಆಕಿ ಕಾಲಿಗೆ ಮುಟ್ಟಿದ ನೀರು ನಮ್ಮ ಕಡಿಗೆ ಬರಬಾರದು ಅಂತ.”

ಹನ್ನೆರಡು ವರ್ಷ ಗುಂಪಿನಲ್ಲಿದ್ದ ಯಂಕಮ್ಮ ಹೊಸಬರ ಜಾಗದಲ್ಲಿ ನಿಂತು, ಕೆಮ್ಮು ಬಂದಾಗ ಸೆರಗು ಅಡ್ಡ ಹಿಡಿದು ಸಸಿ ಹಚ್ಚಿದರು. ಹೀಗೆ ಹತ್ತೊಂಬತ್ತು ದಿನ. ಇಪ್ಪತ್ತನೆಯ ದಿನ ಬದುವಿನ ಮೇಲೆ ರೊಟ್ಟಿ ಬಿಚ್ಚುವಾಗ ಒಂದೇ ಒಂದು ಮಾತು ಕೇಳಿದರು.

“ಅಕ್ಕಾ, ನನ್ನಿಂದ ಇಳಿದ ನೀರು ಕೆಳಗಿನ ಗದ್ದಿಗೆ ಹೋಗತೈತಲ್ಲ, ಅಲ್ಲಿ ಯಾರು ನಿಂದ್ರತಾರ?”

ಸುಂಕಮ್ಮ ತಿರುಗಿ ಕೆಳಗಿನ ಗದ್ದೆಯ ಕಡೆ ನೋಡಿದರು. ಅಲ್ಲೂ ಕರೂರಿನ ಹೆಂಗಸರೇ ಇದ್ದರು. ನೀರಿನಿಂದ ರೋಗ ಬರುವುದೇ ನಿಜವಾದರೆ ತಾವು ಅದನ್ನು ಅವರ ಕಡೆ ದಾಟಿಸಿದ್ದರು. ಸುಳ್ಳಾದರೆ ಯಂಕಮ್ಮನಿಗೆ ಹತ್ತೊಂಬತ್ತು ದಿನ ಸುಮ್ಮನೆ ಅವಮಾನ ಮಾಡಿದ್ದರು. ಯಾವ ಕಡೆಯಿಂದ ನೋಡಿದರೂ ತಪ್ಪು ತಮ್ಮದೇ ಆಗಿತ್ತು.

ಮರುದಿನ ಮೊದಲ ಬಸ್ಸಿಗೆ ಯಂಕಮ್ಮನನ್ನು ಕರೆದುಕೊಂಡು ತವರಿಗೆ ಹೋದರು. ಕುರುಗೋಡಿನ ತಿಪ್ಪೇರುದ್ರಪ್ಪ ಮೂವತ್ತು ವರ್ಷ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಕಾಗದ ಓದಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ನಾಚಿಕೆಪಡದೆ, ಬಳ್ಳಾರಿಗೆ ಹೋಗಿ ಪರಿಚಯದ ಡಾಕ್ಟರೊಬ್ಬರನ್ನು ಕೇಳಿಕೊಂಡು ಬಂದರು. ಸೋಮವಾರ ಮತ್ತೆ ಬಂದ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಈ ರೋಗ ರಕ್ತದಿಂದ ಬರುತ್ತದೆ, ಗಂಡಹೆಂಡಿರ ಕೂಡಿಕೆಯಿಂದ ಬರುತ್ತದೆ, ಗದ್ದೆಯ ನೀರಿನಿಂದ, ರೊಟ್ಟಿಯಿಂದ, ಮುಟ್ಟುವುದರಿಂದ ಬರುವುದಿಲ್ಲ. ಹೇಳುತ್ತಲೇ ಒಲೆಯ ಮೇಲೆ ಸೂಜಿ ಕುದಿಯಲು ಇಟ್ಟರು. ಯಂಕಮ್ಮನಿಗೆಂದೇ ಬೇರೆ ಸೂಜಿ, ಪ್ರತಿ ಸಲವೂ ಕುದಿಸಿದ್ದು. ಮಂಡಿನೋವಿನ ಮನುಷ್ಯ, ಬಸ್ಸು ಹತ್ತಿ ಕರೂರಿಗೆ ಬರಲಾರರು. ಅದಕ್ಕೇ ಈ ಸೋಮವಾರ, ಗುರುವಾರದ ಓಡಾಟ.

ಮಂಗಳವಾರ ಬೆಳಿಗ್ಗೆ ಸುಂಕಮ್ಮ ಯಂಕಮ್ಮನ ಕೈ ಹಿಡಿದು ಮೇಲಿನ ಪಾಲಿಗೆ ಕರೆದೊಯ್ದು ನಿಲ್ಲಿಸಿದರು. ತಾವು ಹೋಗಿ ಕೊನೆಯ ಪಾಲು ಹಿಡಿದರು. ಗುಂಪು ಒಂದು ಗಳಿಗೆ ಬದುವಿನ ಮೇಲೆಯೇ ನಿಂತಿತ್ತಂತೆ. ಮೊದಲು ಇಳಿದವರು ಜಡೆಮ್ಮ. ಒಬ್ಬರ ಅತ್ತೆ ಮಾತ್ರ ಸೊಸೆಯನ್ನು ಎಂಟು ದಿನ ಮನೆಯಲ್ಲೇ ಹಿಡಿದಿಟ್ಟುಕೊಂಡರು. ಒಂಬತ್ತನೆಯ ದಿನ ಸೊಸೆ ತಾವೇ ಬುತ್ತಿ ಕಟ್ಟಿಕೊಂಡು ಬಂದರು.

ಈಗ 1989ರ ಆಗಸ್ಟ್. ಹದಿನಾಲ್ಕು ಹೆಬ್ಬೆಟ್ಟಿನ ಮೂರು ಅರ್ಜಿಗಳು ಬಳ್ಳಾರಿಯ ಕಚೇರಿಗಳಲ್ಲಿ ಎಲ್ಲೋ ಮಲಗಿವೆ. ಕೇಳಿದ್ದು ಒಂದೇ: ಯಂಕಮ್ಮನಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಸೂಜಿ ಹಾಕಿ. ನಾಟಿ ಬಿಟ್ಟು ಒಂದು ದಿನ ಹದಿನಾಲ್ಕು ಮಂದಿಯೂ ಹೋಗಿ ಒಂದು ಕಚೇರಿಯ ವರಾಂಡದಲ್ಲಿ ಕೂತರು. ಯಂಕಮ್ಮ ಚಾಚಿದ ಅರ್ಜಿಯನ್ನು ಗುಮಾಸ್ತರು ಮುಟ್ಟಲಿಲ್ಲ. ಸುಂಕಮ್ಮ ಅದನ್ನು ಈಸಿಕೊಂಡು ಮೇಜಿನ ಮೇಲಿಟ್ಟರು. ಸಂಜೆ ಹೊರಬಂದ ಅಧಿಕಾರಿ, ಈ ರೋಗ ನಮ್ಮ ಜಿಲ್ಲೆಯಲ್ಲಿ ಇಲ್ಲ, ಇದರ ಬಗ್ಗೆ ಆದೇಶವೂ ಇಲ್ಲ ಎಂದರು. ಅವರೆದುರಿಗೇ ಯಂಕಮ್ಮ ನಿಂತಿದ್ದರು.

ಕ್ಷಯ ಮಾತ್ರ ಹಿಂದೆ ಸರಿಯುತ್ತಿದೆ. ಯಂಕಮ್ಮನ ಕೆಮ್ಮು ನಿಂತಿದೆ, ಕಳಚಿ ಬೀಳುತ್ತಿದ್ದ ಬಳೆಗಳು ಈಗ ಕೈಯಲ್ಲಿ ನಿಲ್ಲುತ್ತವೆ. ಹೆಸರು ಬರೆಯಬಹುದೇ ಎಂದು ಕೇಳಿದರೆ, “ಬರೀರಿ. ಊರಿಗೆ ಗೊತ್ತಾಗೇತಿ, ಇನ್ನ ಪೇಪರಿಗೆ ಗೊತ್ತಾದ್ರ ಏನು?” ಎಂದು ನಗುತ್ತಾರೆ. ಮುಂದೆ ಏನಾಗುತ್ತದೋ ತಿಪ್ಪೇರುದ್ರಪ್ಪನವರಿಗೂ ತಿಳಿಯದು. ಈ ಬೆಳೆಯ ಕೊಯ್ಲಿಗೆ ಯಂಕಮ್ಮ ಇರುತ್ತಾರೆ ಎಂದು ಮಾತ್ರ ಗುಂಪು ಗಟ್ಟಿಯಾಗಿ ನಂಬಿದೆ. ಅವರಿಗೆ ಈಗಲೇ ಹೊಸ ಕುಡುಗೋಲು ಮಾಡಿಸಿಟ್ಟಿದ್ದಾರೆ.

ಸುಂಕಮ್ಮನನ್ನು ಕೇಳಿದರೆ ಆಸೆ ದೊಡ್ಡದೇನಲ್ಲ. ಒಂದು ದಿನ ಸರ್ಕಾರಿ ದವಾಖಾನೆಯವರು ಯಾರಾದರೂ ಯಂಕಮ್ಮನ ತೋಳು ಹಿಡಿದು ಸೂಜಿ ಹಾಕಬೇಕು. ನಾಲ್ಕನೆಯ ಅರ್ಜಿ ಬರೆಸುವುದಿಲ್ಲವೇ ಎಂದರೆ, ಬರೆಸುತ್ತೇವೆ ಎನ್ನುತ್ತಾರೆ. ಹೇಳುತ್ತ ಬದುವಿನ ಮಣ್ಣು ಸರಿಸುತ್ತಾರೆ. ಕಾಲುವೆ ನೀರು ಖಾಲಿ ಇರುವ ಮೇಲಿನ ಪಾಲನ್ನು ದಾಟಿ, ಒಬ್ಬೊಬ್ಬರ ಕಾಲು ಸವರಿಕೊಂಡು ಕೆಳಗೆ ಇಳಿದು ಬರುತ್ತದೆ.

“ನಾಳಿ ಯಂಕಿ ಬಂದು ಅಲ್ಲಿ ನಿಂದ್ರತಾಳ. ನೀರು ಮೊದಲ ಆಕಿ ಕಾಲಿಗೆ ಮುಟ್ಟಿ, ಆಮ್ಯಾಗ ನಮ್ಮ ಹದಿಮೂರು ಮಂದಿ ಕಡಿಗೆ ಬರತೈತಿ. ನಾವು ಓದು ಬರದವರು, ಇದಕಿಂತ ದೊಡ್ಡ ಅರ್ಜಿ ನಮಗ ಬರಿಯಾಕ ಬರಂಗಿಲ್ರಿ.”