ಗಿರಣಿ ಮೇಲಿನ ಮಾಸ್ತರು

ಅವರ ಬಲಗೈಯ ಕಿರುಬೆರಳು ನಡುಗೆಣ್ಣಿನಲ್ಲಿ ಹೊರಕ್ಕೆ ಸೊಟ್ಟಗಾಗಿತ್ತು. ಕೈ ಎತ್ತಿ ಬಾಗಿಲು ತೋರಿಸಿದರೆ ಉಳಿದ ಬೆರಳೆಲ್ಲ ಬಾಗಿಲ ಕಡೆಗೆ, ಅದೊಂದು ಮಾತ್ರ ಕಿಟಕಿಯ ಕಡೆಗೆ. ಮೊದಮೊದಲು ನಾನು ಕಿಟಕಿಯ ಕಡೆಗೇ ತಿರುಗುತ್ತಿದ್ದೆ. ಕಿಟಕಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ತಂಬಾಕಿನ ಗೋದಾಮಿನ ಗೋಡೆ, ಮೇಲೆ ಒಂದು ನೂಲಿನಷ್ಟು ಆಕಾಶ. ಆ ಗೋಡೆಯನ್ನು ನೋಡುತ್ತಲೇ ಅವರು ಕೊನೆಯ ವರ್ಷಗಳನ್ನು ಕಳೆದರು.

ಈ ವಾರ ನಾವು ಓಣಿಗೆಲ್ಲ ಪೇಢೆ ಹಂಚಿದೆವು. ಮಾತು ಬಿಟ್ಟವರ ಮನೆಗೂ ನಾನೇ ಹೋಗಿ ಕೊಟ್ಟು ಬಂದೆ. ಖುಷಿ ಎದೆಯಲ್ಲಿ ಹಿಡಿಸುತ್ತಿಲ್ಲ, ಒಲೆಯ ಮೇಲಿನ ಹಾಲಿನ ಹಾಗೆ ಉಕ್ಕುತ್ತಿದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಒಂದು ಸಾಲು ಬರೆಯುವಷ್ಟರಲ್ಲಿ ಬೆರಳು ನೋಯುತ್ತವೆ. ಆದರೂ ಪೇಢೆ ಯಾಕೆ ಹಂಚಿದೆವು ಎಂದು ಹೇಳಬೇಕಾದರೆ ಮೊದಲು ಗಿರಣಿ ಮೇಲಿನ ಮಾಸ್ತರನ್ನು ಹೇಳಬೇಕು.

ಅವರು ನಮ್ಮ ನಿಪ್ಪಾಣಿಯ ಹೈಸ್ಕೂಲಿನಲ್ಲಿ ಆಟದ ಮಾಸ್ತರಾಗಿದ್ದವರು. ಹುಡುಗಿಯರ ಕೈಗೆ ಮೊದಲು ಹಾಕಿ ಆಟದ ಕೋಲು ಕೊಟ್ಟವರು. ನಿವೃತ್ತಿಯಾದ ಮೇಲೂ ಮೈದಾನ ಬಿಟ್ಟಿರಲಿಲ್ಲ. ಒಂದು ದಿನ ಹೆದ್ದಾರಿಯಲ್ಲಿ ಮೋಟರಸೈಕಲ್ಲಿನಿಂದ ಬಿದ್ದು ಬೆನ್ನು ಮುರಿಯಿತು. ಸೊಂಟದ ಕೆಳಗೆ ಜೀವ ಉಳಿಯಲಿಲ್ಲ. ಹೆಂಡತಿ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಕ್ಕನ ಮಗ ತನ್ನ ಮನೆಗೆ ಕರೆತಂದ. ಅವನ ಮನೆಯೆಂದರೆ ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಎರಡು ಖೋಲಿ, ನಡುವೆ ಏಣಿಯಂಥ ಕಟ್ಟಿಗೆಯ ಮೆಟ್ಟಿಲು. ಮೆಟ್ಟಿಲ ಮೇಲೆ ಒಬ್ಬರು ಇಳಿಯುತ್ತಿದ್ದರೆ ಇನ್ನೊಬ್ಬರು ಕೆಳಗೇ ನಿಲ್ಲಬೇಕು. ಅಂಥದರಲ್ಲಿ ಅವರನ್ನು ಮೇಲೆ ಹೇಗೆ ಒಯ್ದರೋ, ಆಮೇಲೆ ಕೆಳಗೆ ಇಳಿಸುವುದು ಆಗಲಿಲ್ಲ. ಹಳೆಯ ವಿದ್ಯಾರ್ಥಿಗಳು ಬಂದು, "ಹೊತಗೊಂಡು ಮೈದಾನಕ್ಕ ಒಯ್ಯತೇವ್ರಿ ಸರ್" ಅಂದರೆ ನಗುತ್ತಿದ್ದರು.

"ಹೊತಗೊಂಡ ಇಳಸೂದು ಒಮ್ಮೆ ಇದ್ದೇ ಐತಿ. ಅವಸರ ಯಾಕ?"

ನಾನು ಜೋಳ ಬೀಸಿಸಲು ಹೋದಾಗ ಪಾಳಿ ಬರುವವರೆಗೆ ಮೇಲೆ ಹತ್ತಿ ಮಾತಾಡಿಸಿ ಬರುತ್ತಿದ್ದೆ. ನನ್ನ ಮೊಮ್ಮಗಳು ಪಲ್ಲವಿ ಆಗ ಒಂಬತ್ತನೆಯ ತರಗತಿ. ಶಾಲೆಯ ತಂಡದಲ್ಲಿ ಬ್ಯಾಕ್ ಆಡುತ್ತಿದ್ದಳು. ಬ್ಯಾಕ್ ಎಂದರೆ ಗೋಲಿನ ಮುಂದೆ ನಿಂತು ಬಂದವರನ್ನು ತಡೆಯುವವರು. ಒಂದು ಸಲ ನಾನು ನೋಡಿ ಬಂದ ಆಟವನ್ನು ಮಾಸ್ತರಿಗೆ ಹೇಳಿದೆ. ಅವರು ದಿಂಬಿಗೆ ಒರಗಿದ್ದವರು ಮೊಣಕೈ ಊರಿ ಎದ್ದರು.

"ಅಕ್ಕಾರ, ಗೋಲ ಆದಾಗ ನಮ್ಮ ಬ್ಯಾಕ್ ಹುಡುಗ್ಯಾರು ಎಲ್ಲಿ ನಿಂತಿದ್ರು?"

"ನನಗೇನ ಗೊತ್ರಿ ಮಾಸ್ತರ? ನಾ ಚೆಂಡ ನೋಡಾಕತ್ತಿದ್ದೆ."

"ಎಲ್ಲಾರೂ ಚೆಂಡ ನೋಡ್ತಾರ. ಹೊಸಾ ಟೀಚರು ಫೋನಿನ್ಯಾಗ ಆಟ ಹಿಡದ ಕಳಸ್ತಾಳ, ಆ ಫೋನೂ ಚೆಂಡಿನ ಹಿಂದ ಓಡತೈತಿ. ನನಗ ಚೆಂಡ ಇಲ್ಲದಲ್ಲಿ ಏನ ನಡದೈತಿ ಅದು ಬೇಕು. ನೀವು ಪಾಯಾ ನೋಡ್ರಿ. ಹುಡುಗ್ಯಾರ ಪಾಯಾ, ಪಾದಾ ಎಲ್ಲಿ ಊರತಾವು ಅದನ್ನ."

ಹೀಗೆ ನಾನು ಅವರ ಕಣ್ಣಾದೆ. ಶನಿವಾರ ಮೈದಾನದ ಬೇವಿನ ಗಿಡದ ಕೆಳಗೆ ಕುಳಿತು ನೋಡುವುದು, ಭಾನುವಾರ ಗಿರಣಿ ಮೇಲೆ ಹತ್ತಿ ಹೇಳುವುದು. ಅವರ ಹೊದಿಕೆಯೇ ಮೈದಾನ. ತಂಡದಲ್ಲಿ ಬ್ಯಾಕ್ ಆಡುವ ಹುಡುಗಿಯರು ನಾಲ್ವರು. ಪಕ್ಕದ ಭೋಜ ಹಳ್ಳಿಯಿಂದ ಬರುವ ಉದ್ದನೆಯ ಹುಡುಗಿ ಗುಳಿಗೆಯ ಬಾಟಲಿ. ಇನ್ನೊಬ್ಬಳು ಬಾಚಣಿಕೆ, ಮತ್ತೊಬ್ಬಳು ಕನ್ನಡಕದ ಡಬ್ಬಿ. ನಾಲ್ಕನೆಯದಕ್ಕೆ ಏನೂ ಸಿಗಲಿಲ್ಲ. ನನ್ನ ಎಲೆ ಸಂಚಿಯ ಕಡೆ ಕೈ ತೋರಿಸಿದರು. "ನಿಮ್ಮ ಸುಣ್ಣದ ಡಬ್ಬಿ ಕೊಡ್ರಿ. ಅದು ಪಲ್ಲವಿ." ಕೆಳಗೆ ಗಿರಣಿ ಶುರುವಾದರೆ ಮಂಚ ನಡುಗಿ ಬಾಟಲಿ, ಡಬ್ಬಿ ಎಲ್ಲ ತಾವೇ ಸರಿಯುತ್ತಿದ್ದವು. "ನೋಡ್ರಿ ಅಕ್ಕಾರ, ನಮ್ಮ ಹುಡುಗ್ಯಾರಿಗಿಂತ ಇವು ಚಲೋ ಓಡತಾವು!" ಅನ್ನುತ್ತಿದ್ದರು.

ಅವರದೊಂದು ಕಾಯಿದೆ ಇತ್ತು. "ಮೊದಲ ತಪ್ಪ ಹೇಳ್ರಿ. ಚಲೋದನ್ನ ಆಮ್ಯಾಲ ಹೇಳೂಣ. ಚಲೋದು ಎಲ್ಲಿಗೂ ಓಡಿ ಹೋಗೂದಿಲ್ಲ."

ಹಾಗೆ ಒಬ್ಬೊಬ್ಬರನ್ನೇ ಅಳೆದರು. ಭೋಜದ ಹುಡುಗಿಯ ಕಾಲು ನಿಧಾನ, ಆದರೆ ನಿಂತ ಜಾಗ ಬಿಡುವುದಿಲ್ಲ. ಬಾಚಣಿಕೆ ಹುಡುಗಿ ಚೆಂಡು ಕಸಿಯುತ್ತಾಳೆ, ಕಸಿದ ಚೆಂಡನ್ನು ಮತ್ತೆ ಎದುರಾಳಿಗೇ ಕೊಡುತ್ತಾಳೆ. ಕನ್ನಡಕದ ಡಬ್ಬಿ ಗಟ್ಟಿ, ಆದರೆ ಜೋರಾಗಿ ಹೊಡೆದ ಚೆಂಡಿಗೆ ಕಣ್ಣು ಮುಚ್ಚುತ್ತಾಳೆ. ಬೇರೆಯವರ ಮಕ್ಕಳ ತಪ್ಪು ಹೇಳಲು ನನಗೆ ಸಂಕೋಚವೇನೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆ ವರ್ಷ ಜಿಲ್ಲೆಯ ಆಟಕ್ಕೆ ಕ್ರೀಡಾ ಹಾಸ್ಟೆಲಿನವರು ಹುಡುಗಿಯರನ್ನು ಆರಿಸಲು ಬರುವವರಿದ್ದರು. ಹಾಸ್ಟೆಲು ಸಿಕ್ಕರೆ ಊಟ, ಓದು, ಆಟ ಎಲ್ಲ ಅಲ್ಲೇ. ಅವತ್ತು ಇಬ್ಬರೇ ಬ್ಯಾಕ್ ಆಡಬೇಕು. ಯಾರು ಎಂಬುದನ್ನು ಹೊಸ ಟೀಚರು ಮಾಸ್ತರಿಗೇ ಬಿಟ್ಟಿದ್ದಳು. ಅವಳೂ ಅವರ ಕೈಯಲ್ಲೇ ಕಲಿತವಳು. ನಮ್ಮ ಮನೆಯಲ್ಲಿ ನನ್ನ ಮಗ ಖಡಾಖಂಡಿತ ಹೇಳಿಬಿಟ್ಟಿದ್ದ: "ಈ ಸಲ ಆರಿಸಿದ್ರ ಆಡ್ಲಿ. ಇಲ್ಲಾಂದ್ರ ಕೋಲು ಮಾಳಿಗಿ ಮ್ಯಾಲ. ಮುಂದ ಹತ್ತನೇತ್ತೆ ಐತಿ, ಓದ್ಲಿ."

ಆಟಕ್ಕೆ ಮುಂಚಿನ ಕೊನೆಯ ಭಾನುವಾರ ನಾನು ಮೆಟ್ಟಿಲು ಹತ್ತುವಾಗಲೇ ಮಾತು ಶುರು ಮಾಡಿದ್ದೆ.

"ಮಾಸ್ತರ, ನಿನ್ನೆ ನಮ್ಮ ಪಲ್ಲವಿ ಅಂದ್ರ ಹುಲಿ! ಆ ಕಡೆಯಾಕಿ ಚೆಂಡ ತರೂದ ತಡ, ನಡು ಮೈದಾನಕ್ಕ ಓಡಿ ಹೋಗಿ ಕೋಲ ಬೀಸಿ ಕಸಗೊಂಡ್ಳು. ಮಂದಿ ಚಪ್ಪಾಳಿ ಹೊಡದ್ರು. ಹೋದಾಗೊಮ್ಮೆ ಕಸಗೊಂಡ್ಳು, ಒಂದೆರಡ ಸಲ ಅಷ್ಟ ತಪ್ಪಿತು."

"ಆ ಒಂದೆರಡ ಸಲ ಏನಾತು?"

"ಏನಾಗೂದು? ಗೋಲ ಆತ್ರಿ."

ಹೇಳಿದ ಮೇಲೆಯೇ ನನಗೆ ನನ್ನ ಮಾತು ಕೇಳಿಸಿದ್ದು. ಮಾಸ್ತರು ಗೋಡೆಯ ಕಡೆ ತಿರುಗಿದರು. "ಬಾಗಲಾ ಬಿಟ್ಟ ಹೊರಗ ಹ್ವಾದಾಕಿ ಮನಿ ಹ್ಯಾಂಗ ಕಾಯತಾಳ ಅಕ್ಕಾರ?" ಎಂದು ಮೆಲ್ಲಗೆ ಕೇಳಿದರು. ಆಮೇಲೆ ಹೊದಿಕೆಯ ಮೇಲಿನ ಸುಣ್ಣದ ಡಬ್ಬಿ ಎತ್ತಿ ನನ್ನ ಅಂಗೈಯಲ್ಲಿಟ್ಟರು.

"ಸುಣ್ಣ ಹಚ್ಕೋರಿ."

ಕನ್ನಡಕದ ಡಬ್ಬಿ ಮೊದಲೇ ದಿಂಬಿನ ಪಕ್ಕಕ್ಕೆ ಹೋಗಿತ್ತು. ಬಾಟಲಿ, ಬಾಚಣಿಕೆ ಎರಡೇ ಅಲ್ಲಿ ಉಳಿದವು.

ನಾನು ಡಬ್ಬಿಯನ್ನು ಸಂಚಿಗೆ ಹಾಕಿಕೊಂಡು ಇಳಿದು ಬಂದೆ. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಿಜ ಹೇಳಿದರೆ ಮೊಮ್ಮಗಳ ಕೋಲು ಮಾಳಿಗೆಗೆ, ಸುಳ್ಳು ಹೇಳಿದ್ದರೆ ಅವರ ಕಣ್ಣಿಗೆ ನಾನೇ ಮಣ್ಣೆರಚಿದ ಹಾಗೆ. ಎರಡೂ ಕಡೆ ಗೋಡೆ. ನಾನು ಗಿರಣಿಯನ್ನೇ ಬದಲು ಮಾಡಿದೆ. ಹಿಂದಿನ ಓಣಿಯ ಗಿರಣಿಯವನು ರವೆಯಂಥ ಹಿಟ್ಟು ಬೀಸಿಕೊಟ್ಟ. ರೊಟ್ಟಿ ತಟ್ಟಿದರೆ ಅಂಚೆಲ್ಲ ಒಡೆಯುತ್ತಿತ್ತು. ಸೊಸೆ, "ಅತ್ತಿ, ಸಿಟ್ಟ ಮಾಸ್ತರ ಮ್ಯಾಲೋ ನಮ್ಮ ಹಲ್ಲಿನ ಮ್ಯಾಲೋ?" ಎಂದು ಕೇಳಿದಳು.

ಜಿಲ್ಲೆಯ ಆಟಕ್ಕೆ ನಾನೂ ಹೋದೆ. ಪಲ್ಲವಿ ಗೆರೆಯ ಹೊರಗೆ ನೀರಿನ ಬಾಟಲಿ ಹಿಡಿದು ಕುಳಿತಿದ್ದಳು, ಅವಳ ಮುಖ ನೋಡಲಾಗಲಿಲ್ಲ. ಚೆಂಡನ್ನಾದರೂ ನೋಡೋಣವೆಂದರೆ ನನ್ನ ಕಣ್ಣು ಹೋಗಿ ಹುಡುಗಿಯರ ಪಾದದ ಮೇಲೆ ಕೂರುತ್ತಿತ್ತು. ಭೋಜದ ಹುಡುಗಿ ನಿಂತಲ್ಲಿಂದ ಒಂದು ಗೇಣು ಹೊರಗೆ ಹೋಗಲಿಲ್ಲ. ಬಂದವರೇ ಅವಳ ಹತ್ತಿರ ಬಂದು ಕೆಟ್ಟರು. ಹಾಸ್ಟೆಲಿನವರು ಅವಳನ್ನು ಆರಿಸಿದರು. ನನಗೆ ಹೊಟ್ಟೆ ಉರಿಯಿತು. ಸರಿಯಾದವಳನ್ನೇ ಆರಿಸಿದ್ದಾರೆ ಎಂಬುದೂ ಕಾಣಿಸಿತು.

ಮರುದಿನ ಮಾಸ್ತರ ಅಕ್ಕನ ಮಗನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. "ಅತ್ತಿ, ಮಾವಾರು ಊಟ ಬಿಟ್ಟಿಲ್ಲ, ಮಾತ ಬಿಟ್ಟಾರ. ಆಟ ಏನಾತು ಅಂತ ಹೇಳೋರಿಲ್ಲ."

ಹೋದೆ. ಆಟವನ್ನೆಲ್ಲ ಹೇಳಿದೆ, ತಪ್ಪು ಮೊದಲು, ಚಲೋದು ಆಮೇಲೆ. ಅವರು ಕಣ್ಣು ಮುಚ್ಚಿ ಕೇಳಿದರು. ಕೊನೆಗೆ, "ಪಲ್ಲವಿನ್ನ ಕಳಸ್ರಿ. ಕೋಲ ತಗೊಂಡ ಬರ್ಲಿ" ಅಂದರು.

"ಈ ಖೋಲ್ಯಾಗ ಏನ ಕಲಸ್ತೀರಿ ಮಾಸ್ತರ? ಕೋಲ ತಿರುಗಸಾಕ ಜಾಗಾ ಇಲ್ಲ."

"ಅದಕ್ಕ ಕರಿಯಾಕತ್ತೇನಿ."

ಮಗನನ್ನು ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂತು. "ಇನ್ನೊಂದ ವರ್ಷ ಕೊಡೋ. ಮಾರ್ಕ್ಸ್ ಕಡಿಮಿ ಬಿದ್ರ ನಾನ ಕೋಲ ಮುರದ ಒಲಿಗೆ ಇಡ್ತೇನಿ" ಅಂದೆ. ಅವನು, "ಯವ್ವಾ, ಆಕಿಗಿಂತ ನಿನಗ ಹುಚ್ಚ ಹಿಡದೈತಿ" ಎಂದು ನಕ್ಕ. ನಕ್ಕನೆಂದರೆ ಒಪ್ಪಿದ ಹಾಗೆ.

ಪಲ್ಲವಿ ದಿನಾ ಸಂಜೆ ಆ ಖೋಲಿಗೆ ಹೋದಳು. ಒಂದು ಕಡೆ ಮಂಚ, ಒಂದು ಕಡೆ ಕಪಾಟು, ನಡುವೆ ಒಬ್ಬರು ನಡೆಯುವಷ್ಟು ಜಾಗ. ಅವಳು ಬಾಗಿಲಲ್ಲಿ ನಿಲ್ಲಬೇಕು, ಬೆನ್ನ ಹಿಂದೆ ಮೆಟ್ಟಿಲು. ಮಾಸ್ತರು ಮಂಚದ ಮೇಲಿಂದ ಬಗ್ಗಿ ಚೆಂಡು ಉರುಳಿಸುವರು. ಆ ಸೊಟ್ಟ ಬೆರಳಿನಿಂದಾಗಿ ಚೆಂಡು ಯಾವ ಕಡೆ ಹೊರಳುತ್ತದೆಂದು ಅವರಿಗೇ ಗೊತ್ತಿರುತ್ತಿರಲಿಲ್ಲ. ಮುಂದೆ ನುಗ್ಗಿ ಕೋಲು ಬೀಸಿದರೆ ಕೋಲು ಕಪಾಟಿಗೆ ಬಡಿಯುತ್ತಿತ್ತು. ತಪ್ಪಿದರೆ ಚೆಂಡು ಟಕಟಕ ಮೆಟ್ಟಿಲಿಳಿದು ಗಿರಣಿಗೆ.

"ಮಾಮಾ, ಹಿಟ್ಟಿನ್ಯಾಗ ಚೆಂಡ ಬಿತ್ತು! ಯಾರದರ ತಲಿ ಒಡದ್ರ?" ಎಂದು ಕೆಳಗಿನಿಂದ ಅಕ್ಕನ ಮಗ ಒದರುವನು. ಪಲ್ಲವಿ ಇಳಿದು, ಮೂಗಿಗೆಲ್ಲ ಹಿಟ್ಟು ಮೆತ್ತಿಕೊಂಡು, ಮತ್ತೆ ಹತ್ತುವಳು.

"ಥಾಂಬ್" ಅನ್ನುವರು ಮಾಸ್ತರು. ರಂಗೇರಿದಾಗ ಅವರ ಬಾಯಲ್ಲಿ ಮರಾಠಿಯೇ ಬರುತ್ತಿತ್ತು. "ಥಾಂಬ್, ನಿಲ್ಲು. ಅದು ನಿನ್ನ ಕಡೆನ ಬರಾಕತ್ತೈತಿ. ನೀ ಯಾಕ ಅದರ ಮನಿಗೆ ಹೋಗ್ತಿ?"

ಒಂದು ಸಂಜೆ ಅವಳು ಕೋಲು ಎಸೆದು ಅತ್ತುಬಿಟ್ಟಳು. "ಇಲ್ಲಿ ಉಸರ ಕಟ್ಟತೈತ್ರಿ ಸರ್. ಗ್ವಾಡಿ ಮೈಮ್ಯಾಲ ಬಂದಂಗ ಆಕ್ಕೈತಿ."

ನಾನು ಮೂಲೆಯಲ್ಲಿ ಕುಳಿತಿದ್ದೆ. ಮಾಸ್ತರು ಸಿಟ್ಟಾಗುತ್ತಾರೆ ಎಂದುಕೊಂಡೆ. ಅವರು ಕಿರುಬೆರಳು ಎತ್ತಿ ಅವಳಿಗೆ ತೋರಿಸಿದರು.

"ನಾನೂ ಬ್ಯಾಕ್ ಆಡಿದಾಂವ. ನಿನ್ನಂಗನ ಓಡಿ ಹೋಗಿ ಬೀಳ್ತಿದ್ದೆ. ಇದು ಅವಸರದ ಬೆರಳು ನೋಡು. ಕಾಯೂದು ನನಗ ಮೈದಾನದಾಗ ಬರಲಿಲ್ಲವ್ವಾ. ಇಲ್ಲಿ ಬಿದ್ದ ಮ್ಯಾಲ ಬಂತು. ಮೊದಲನೇ ವರ್ಷ ನಾನೂ ಈ ಗ್ವಾಡಿಗೆ ತಲಿ ಬಡಕೊಂಡೇನಿ. ಗ್ವಾಡಿ ಸರಿಲಿಲ್ಲ." ಕೈ ಇಳಿಸಿ, "ನೀ ಒಂದ ತಾಸು ಇದ್ದ ಹೋಗಾಕಿ. ಹೋಗೂಮುಂದ ಅಷ್ಟು ಕಲ್ತ ಹೋಗು" ಅಂದರು.

ಪಲ್ಲವಿ ಕಣ್ಣೊರೆಸಿಕೊಂಡು ಕೋಲು ಎತ್ತಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿದೆ.

ಮುಂದೆ ಬರಬರುತ್ತ ಚೆಂಡು ಬೀಳುವುದು ಕಡಿಮೆಯಾಯಿತು. ಗಿರಣಿಗೆ ಬಂದ ಹೆಂಗಸರು ಮೇಲೆ ನೋಡಿ, "ಯಾಕ, ಇವತ್ತ ಚೆಂಡ ಇಳಿವಲ್ದು?" ಎಂದು ಕೇಳುವಂತಾಯಿತು. ಅಂಥ ಒಂದು ಸಂಜೆ ಮಾಸ್ತರು ನನ್ನ ಕಡೆ ಕೈ ಚಾಚಿದರು. ನಾನು ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ಕೊಟ್ಟೆ. ಅದನ್ನು ಹೊದಿಕೆಯ ಮೇಲೆ, ಗೋಲಿನ ಮುಂದೆ, ಬೆರಳಿನಿಂದ ಒತ್ತಿ ಇಟ್ಟರು. ಗಿರಣಿ ಶುರುವಾಯಿತು, ಮಂಚ ನಡುಗಿತು, ಬಾಚಣಿಕೆ ಸರಿಯಿತು. ಡಬ್ಬಿ ಸರಿಯದಂತೆ ಅವರೇ ಬೆರಳು ಹಿಡಿದಿದ್ದರು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಈ ಸಲದ ಮಳೆಗಾಲದಲ್ಲಿ ಅವರ ಎದೆಯಲ್ಲಿ ಕಫ ಕಟ್ಟಿತು. ಡಾಕ್ಟರು ಮೇಲೆ ಹತ್ತಿ ಬಂದು ನೋಡಿ, ಇಳಿಯುವಾಗ ತಲೆ ಅಲ್ಲಾಡಿಸಿದರು. ಒಂದು ಬೆಳಿಗ್ಗೆ ಗಿರಣಿ ಶುರುವಾಗಲಿಲ್ಲ. ನಮ್ಮ ಓಣಿಗೆಲ್ಲ ಅದರಿಂದಲೇ ತಿಳಿಯಿತು.

ಅವರು ಹೇಳುತ್ತಿದ್ದ ಆ ಒಮ್ಮೆ ಬಂತು. ಮಲಗಿಸಿ ಇಳಿಸಲು ಮೆಟ್ಟಿಲಲ್ಲಿ ತಿರುವು ಸಾಲಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಧೋತರದಿಂದ ಕಟ್ಟಿ, ಹಳೆಯ ವಿದ್ಯಾರ್ಥಿಗಳು ಹಿಡಿದರು. ಪಲ್ಲವಿ ತನಗೆ ಗೊತ್ತಿಲ್ಲದೆಯೇ ಬಾಗಿಲಲ್ಲಿ, ದಿನಾ ನಿಲ್ಲುವ ಜಾಗದಲ್ಲೇ ನಿಂತುಬಿಟ್ಟಿದ್ದಳು. "ಸರಿಯವಾ" ಅಂದರು ಯಾರೋ. ಆ ಬಾಗಿಲಿನಿಂದ ಏನನ್ನೂ ದಾಟಗೊಡದವಳು ಅವತ್ತು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟಳು. ಓಣಿಯ ಬೆಳಕಿಗೆ ಬಂದಾಗ ಅವರ ಮುಖ ಎಷ್ಟು ಬೆಳ್ಳಗಾಗಿತ್ತೆಂದು ನಾವೆಲ್ಲ ಮೊದಲ ಸಲ ನೋಡಿದೆವು. ಮೈದಾನದ ಮುಂದಿನಿಂದಲೇ ಒಯ್ದರು.

ಹೋದ ವಾರ ಮತ್ತೆ ಜಿಲ್ಲೆಯ ಆಟ ನಡೆಯಿತು. ಸಂಜೆ ಹಾಸ್ಟೆಲಿನವರು ಆರಿಸಿದವರ ಹೆಸರು ಓದಿದಾಗ ಪಲ್ಲವಿಯ ಹೆಸರಿತ್ತು. ನನ್ನ ಮಗ ಎಲ್ಲರೆದುರು ಕಣ್ಣೀರು ಹಾಕಿದ, ಮರುದಿನ ಪೇಢೆ ತಂದ. ಆದರೆ ನನ್ನ ಖುಷಿ ಸಂಜೆಯವರೆಗೆ ಕಾದಿರಲಿಲ್ಲ, ಮಧ್ಯಾಹ್ನವೇ ತುಂಬಿ ಹೋಗಿತ್ತು.

ಆಟ ನಡೆಯುತ್ತಿತ್ತು. ಪಕ್ಕದಲ್ಲಿ ರಾಯಬಾಗದ ಕಡೆಯ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. "ಅಜ್ಜಿ, ಆಕಿ ಯಾರ್ರಿ? ಗೋಲ ಮುಂದ ಗ್ವಾಡಿ ಕಟ್ಟಿದಂಗ ನಿಂತಾಳಲ್ಲ?" ಎಂದು ಕೇಳಿದಳು.

"ನನ್ನ ಮೊಮ್ಮಗಳ್ರಿ," ಅಂದೆ. ಹೊಗಳಬೇಕೆಂದಿದ್ದೆ. ಆದರೂ ಬಾಯಿಂದ ಬಂದದ್ದು ಬೇರೆಯೇ. "ಎಡಕ್ಕ ತಿರಗೂದು ಇನ್ನೂ ತಡಾ ಆಕ್ಕೈತ್ರಿ. ಜೋಡೀಲೆ ಆಡಾಕಿಗೆ ಕೂಗಿ ಹೇಳೂದಿಲ್ಲ, ಬಾಯಿ ಸತ್ತಾಕಿ."

"ಏನ್ ಅಜ್ಜಿ ನೀವ! ಸ್ವಂತ ಮೊಮ್ಮಗಳ ತಪ್ಪ ಎಣಸಾಕ ಕುಂತೀರಲ್ಲ. ಚಲೋದ ಏನೂ ಇಲ್ಲೇನ?"

ಅಷ್ಟರಲ್ಲಿ ಎದುರಿನ ಹುಡುಗಿಯೊಬ್ಬಳು ಎಲ್ಲರನ್ನೂ ದಾಟಿ ಚೆಂಡು ತಂದಳು. ಮೈದಾನದ ಮಂದಿಯೆಲ್ಲ ಎದ್ದು ನಿಂತರು. ಪಲ್ಲವಿ ಮುಂದೆ ಹೋಗಲಿಲ್ಲ. ಕೋಲು ನೆಲಕ್ಕೆ ಹತ್ತಿಸಿ, ಎರಡೂ ಕಡೆ ಗೋಡೆಯಿದ್ದವಳ ಹಾಗೆ, ಮೈ ಕುಗ್ಗಿಸಿ ನಿಂತಳು. ಅವಳ ತುಟಿ ಅಲ್ಲಾಡಿದ್ದು ಅಷ್ಟು ದೂರದಿಂದಲೂ ನನಗೆ ಕಂಡಿತು. ಅದು ಮಾಸ್ತರ ಮರಾಠಿ ಮಾತೆಂದು ನನಗೊಬ್ಬಳಿಗೇ ಗೊತ್ತು. ಚೆಂಡು ಅವಳ ಹತ್ತಿರವೇ ಬಂತು, ಕೋಲಿಗೆ ಬಡಿದು ನಿಂತಿತು.

ಮಾಸ್ತರು ಹೇಳಿದ್ದು ಖರೆ. ಚಲೋದು ಎಲ್ಲಿಗೂ ಓಡಿ ಹೋಗಿರಲಿಲ್ಲ. ಗೋಲಿನ ಮುಂದೆಯೇ ನಿಂತಿತ್ತು.