ಸೇತುವೆ ಕೆಳಗಿತ್ತು

ಗೋಡೆಯ ಮೇಲಿನ ಚಿತ್ರ ಬದಲಾಯಿತು ಎಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಬದಲಾಗುವುದು ನಮ್ಮ ನೆನಪು, ಅದಕ್ಕೇ ಡೈರಿ ಬರೆಯಬೇಕು ಎನ್ನುತ್ತಿದ್ದೆ. ಈಗ ಡೈರಿಯನ್ನೂ ಪೂರ್ತಿ ನಂಬಲಾರೆ.

ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹತ್ತೊಂಬತ್ತನೇ ಶತಮಾನದ ಡಚ್ ರೇಖಾಚಿತ್ರವೊಂದರ ಪ್ರತಿ ಇದೆ. ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು. ಕಾಲುವೆ, ದಡದಲ್ಲಿ ಬಟ್ಟೆ ಒಗೆಯುವ ಹೆಂಗಸರು, ಒಂದು ದೋಣಿ, ಸರಪಳಿಯಿಂದ ಎತ್ತಿ ಇಳಿಸುವ ಮರದ ಸೇತುವೆ. ದೋಣಿಗೆ ದಾರಿ ಬಿಡಲು ಎತ್ತಿದರೆ ಅಂಥ ಸೇತುವೆ ‘ಓಪನ್’, ಜನ ದಾಟಲು ಇಳಿಸಿದರೆ ‘ಕ್ಲೋಸ್’. ಇದನ್ನು ಎಲ್ಲೋ ಓದಿದ್ದೆ. ಯಾರಿಗಾದರೂ ಹೇಳುವ ಚಪಲವಿತ್ತು.

ಪಕ್ಕದ ಮನೆಯ ಶೋಭಕ್ಕ ಉಡುಪಿಯವರು, ನರ್ಸು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಆಚೆ ದಡದಲ್ಲಿದ್ದ ತಂಗಿಯೊಡನೆ ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಕೆಲವು ವರ್ಷಗಳ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ಶಿಫ್ಟು ಮುಗಿಸಿ ಕಾರಿನಲ್ಲಿ ಕೂತು ನನಗೆ ಫೋನು ಮಾಡಿದರು.

“ತಂಗಿ ಊಟಕ್ಕೆ ಕರ್ದಿದ್ದಾಳೆ. ಹೋಗುದಾ ಬೇಡ್ವಾ ಗೊತ್ತಾಗ್ತಿಲ್ಲ ಮಾರಾಯ್ರೆ. ನಿಮ್ಮ ಆ ಚಿತ್ರದಲ್ಲಿ ಸೇತುವೆ ಓಪನ್ನಾ, ಕ್ಲೋಸಾ? ಓಪನ್ ಇದ್ರೆ ಹೋಗ್ತೇನೆ.”

“ದೇವಸ್ಥಾನದಲ್ಲಿ ಹೂಪ್ರಸಾದ ಕೇಳೋ ಹಾಗೆ ಕೇಳ್ತೀರಲ್ಲ?”

“ಪಾರ್ಕಿಂಗ್ ಲಾಟಲ್ಲಿ ಹೂವು ಎಲ್ಲಿಂದ ಬರ್ಬೇಕು? ನೋಡಿ ಹೇಳಿ.”

ನೋಡಿದೆ. ಸೇತುವೆ ಕೆಳಗಿತ್ತು, ಬುಟ್ಟಿ ಹಿಡಿದ ಹೆಂಗಸೊಬ್ಬಳು ಅರ್ಧ ದಾಟಿದ್ದಳು. “ಕ್ಲೋಸ್,” ಎಂದೆ. ಕ್ಲೋಸ್ ಅಂದರೆ ದಾಟಬಹುದು ಎಂದು ಬಿಡಿಸಿ ಹೇಳುವ ಮೊದಲೇ ಅವರು, “ಹಾಗಾದ್ರೆ ಮನೆಗೇ ಬರ್ತೇನೆ,” ಎಂದು ನಕ್ಕು ಫೋನಿಟ್ಟರು. ತಿರುಗಿ ಫೋನು ಮಾಡಬಹುದಿತ್ತು. ಸಂಜೆ ಸಿಕ್ಕಾಗ ಹೇಳಿದರಾಯಿತು, ನಗುವ ವಿಷಯ ಎಂದುಕೊಂಡೆ. ಹೇಳಲಿಲ್ಲ, ಡೈರಿಯಲ್ಲಿ ಮಾತ್ರ ಬರೆದೆ.

ಬುಧವಾರ ಆ ತಂಗಿ ಮಿದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು.

ತಿಂಗಳಾದ ಮೇಲೆ ಶೋಭಕ್ಕ ನಮ್ಮಲ್ಲಿಗೆ ಬಂದರು. ಕಾಫಿ ಲೋಟ ಹಿಡಿದು ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

“ನೀವು ಸರಿಯಾಗೇ ಹೇಳಿದ್ರಿ,” ಎಂದರು. “ದಾಟ್ಲಿಕ್ಕೆ ದಾರಿಯೇ ಇಲ್ಲ.”

ಎದ್ದು ಹೋಗಿ ನೋಡಿದೆ. ಸೇತುವೆ ಮೇಲೆದ್ದಿತ್ತು. ಬುಟ್ಟಿಯ ಹೆಂಗಸು ಈಚೆ ದಡದಲ್ಲಿ ನಿಂತಿದ್ದಳು.

ಚಿತ್ರ ಇಂದಿಗೂ ಹಾಗೇ ಇದೆ. ಡೈರಿಯಲ್ಲಿರುವುದು ನನ್ನದೇ ಅಕ್ಷರ: ‘ಸೇತುವೆ ಕೆಳಗಿದೆ. ಹೆಂಗಸು ಅರ್ಧ ದಾಟಿದ್ದಾಳೆ.’ ಅಂದು ತಪ್ಪಾಗಿ ನೋಡಿದೆನೆಂದು ಒಪ್ಪಿಕೊಳ್ಳೋಣವೆಂದರೆ, ಎತ್ತಿದ ಸೇತುವೆಯನ್ನೇ ಕಂಡಿದ್ದರೆ ನಾನು ‘ಓಪನ್’ ಎನ್ನುತ್ತಿದ್ದೆ. ಅವರು ತಂಗಿಯ ಮನೆಗೆ ಹೋಗುತ್ತಿದ್ದರು. ಹೇಗೆ ನೋಡಿದರೂ ನನಗೆ ಅರ್ಥವಾಗುವುದಿಲ್ಲ.

ಶೋಭಕ್ಕ ಈಗಲೂ ಪಕ್ಕದ ಮನೆಯಲ್ಲೇ ಇದ್ದಾರೆ. ಆ ಪುಟವನ್ನು ಅವರಿಗೆ ತೋರಿಸಿಲ್ಲ.